ಬಾಗಳಿಯ ಅಗ್ರಹಾರ

ಹರಪನಹಳ್ಳಿ ಹತ್ತಿರದ ಬಾಗಳಿ ಅಂದರೆ ನಮ್ಮವರಿಗೆ ಕಲ್ಲೇಶ್ವರನ ಗುಡಿ. ಶಾಸನಗಳಲ್ಲಿ ಇದೇ ಊರು ಬಾಳ್ಗುಳಿ ಎಂಬ ಅಗ್ರಹಾರ. ಅಗ್ರಹಾರವೆಂದರೆ ಜಮೀನಿನ ಹುಟ್ಟುವಳಿ ಓದು-ಪೂಜೆಗೆ ಮೀಸಲು. ಉಸ್ತುವಾರಿ ಒಬ್ಬ ಒಡೆಯನದಲ್ಲ, ಮಹಾಜನರದು. ಗುಡಿ ಕಟ್ಟಿಸಿದವನು ದುಗ್ಗಿಮಯ್ಯನೆಂದು ಕ್ರಿ.ಶ. 987ರ ಶಾಸನ ಹೇಳುತ್ತದೆ. ಆಗ ಚಾಲುಕ್ಯ ತೈಲಪನ ಆಳ್ವಿಕೆ. ಸಭಾಮಂಟಪದ 50 ಕಂಬಗಳ ಕೆತ್ತನೆ ಕಂಡೇ ತಿಳಿಯಬೇಕು, ನಾವು ಬರೆದರೆ ಸಾಲದು.

ಇಲ್ಲಿ ಸಿಕ್ಕ ಶಾಸನಗಳು 36. ದತ್ತಿಯ ವಿವರವನ್ನು ಕಲ್ಲಿಗೇ ಏರಿಸಿದ ಆ ಶಿಸ್ತು ನಮ್ಮ ಸಂಘದ ದಫ್ತರಕ್ಕಿಂತ ಗಟ್ಟಿ! ಆದರೆ ಒಂದು ಮಾತು ಹೇಳಲೇಬೇಕು. ಇಂಥ ಕಲ್ಲುಗಳಲ್ಲಿ ಕೊಟ್ಟವರು, ಪಡೆದವರು ಕಾಣುತ್ತಾರೆ; ಹೊಲ ಉತ್ತು ಆ ಓದಿಗೆ ಅನ್ನ ಹಾಕಿದ ರೈತನ ಹೆಸರು ಅಪರೂಪ.

ಹರಪನಹಳ್ಳಿಗೆ ಹೋದ ಸದಸ್ಯರು ಬಾಗಳಿಗೂ ಹೋಗಿಬರಬೇಕು. ಶಾಸನದ ಕಲ್ಲಿಗೆ ಮಾತ್ರ ಒರಗಿ ಕೂರಬೇಡಿ.