ದೇವಾಲಯದ ದಫ್ತರಗಳಲ್ಲಿ ನಮ್ಮ ಪೂರ್ವಜರು

ದೇವಾಲಯವೊಂದರ ಶತಮಾನೋತ್ಸವವನ್ನು ಆಚರಿಸುವಾಗ ನಾವು ಗೋಪುರವನ್ನೂ ಪೀಠವನ್ನೂ ಗಂಟೆಯನ್ನೂ ಸ್ಮರಿಸುತ್ತೇವೆ. ಸೇವೆ ಸಲ್ಲಿಸಿದ ಗುರುಗಳ ನಾಮಾವಳಿಯನ್ನು ಅಚ್ಚು ಹಾಕಿಸುತ್ತೇವೆ. ಗುರುಮನೆಯ ಬೀರುವಿನಲ್ಲಿರುವ ಹಳೆಯ ದಫ್ತರಗಳನ್ನು ಸ್ಮರಿಸುವವರು ವಿರಳ. ಶಾಸನಗಳಲ್ಲಿ ಅರಸರ ಹಾಗೂ ಪಾಳೆಯಗಾರರ ಹೆಸರುಗಳಿವೆ. ಕಂದಾಯದ ಲೆಕ್ಕಗಳಲ್ಲಿ ಭೂಮಿಯುಳ್ಳವರ ಹೆಸರುಗಳಿವೆ. ಆದರೆ ಕೂಲಿಯಿಂದ ಜೀವಿಸಿದವನ, ಅವನ ಪತ್ನಿಯ, ಹುಟ್ಟಿ ಮೂರೇ ದಿನಕ್ಕೆ ಕಣ್ಮುಚ್ಚಿದ ಅವರ ಶಿಶುವಿನ ಹೆಸರು ಉಳಿದಿರುವುದಾದರೆ, ಅದು ಬಹುತೇಕ ಈ ದಫ್ತರಗಳಲ್ಲಿ ಮಾತ್ರ. ಬಡವರ ಪಾಲಿಗೆ ಇವೇ ಶಿಲಾಶಾಸನಗಳು.

ಈ ಪದ್ಧತಿ ಪುರಾತನವಾದುದು. ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹಗಳನ್ನು ಪುಸ್ತಕದಲ್ಲಿ ದಾಖಲಿಸಬೇಕೆಂದು ವಿಧಿಸಿತು. ಜಗದ್ಗುರು ಐದನೆಯ ಪೌಲರು 1614ರಲ್ಲಿ ಪ್ರಕಟಿಸಿದ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಹಾಗೂ ಮನೆವಾರು ಆತ್ಮಗಳ ಗಣತಿ ಎಂಬ ಐದು ಪುಸ್ತಕಗಳ ಮಾದರಿಯನ್ನು ಕೊಟ್ಟಿತು. ನಮ್ಮ ದೇಶದಲ್ಲಿ ಜನನ ಮರಣಗಳ ನೋಂದಣಿ ಏಕರೂಪವಾಗಿ ಕಡ್ಡಾಯವಾದುದು 1969ರ ಅಧಿನಿಯಮದಿಂದ. ಅದಕ್ಕೂ ಹಿಂದಿನ ತಲೆಮಾರುಗಳನ್ನು ಅರಸುವ ಕ್ರೈಸ್ತ ಕುಟುಂಬಕ್ಕೆ ದೇವಾಲಯದ ಬಾಗಿಲೇ ಮೊದಲ ಬಾಗಿಲು.

ಆದರೆ ಯಾವ ದೇವಾಲಯದ ಬಾಗಿಲು? ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯ ಹಳ್ಳಿಯೊಂದರಲ್ಲಿ ಮುತ್ತಜ್ಜ ಬಾಳಿದನೆಂದು ಭಾವಿಸೋಣ. ಗುರುಗಳು ದೂರದ ಕೇಂದ್ರದಿಂದ ಕುದುರೆಯ ಮೇಲೋ ಎತ್ತಿನ ಗಾಡಿಯಲ್ಲೋ ಬಂದು ಹೋಗುತ್ತಿದ್ದ ಕಾಲದಲ್ಲಿ, ಹಳ್ಳಿಯಲ್ಲಿ ನಡೆದ ಜ್ಞಾನಸ್ನಾನವು ಅವರ ಕೇಂದ್ರದ ದಫ್ತರವನ್ನು ಸೇರುತ್ತಿತ್ತು. ಆದುದರಿಂದ ಊರಿನ ಹೆಸರಿಗಿಂತ ಮೊದಲು, ಆ ಊರು ಆಗ ಯಾವ ವಿಚಾರಣೆಗೆ ಸೇರಿತ್ತೆಂಬುದನ್ನು ತಿಳಿಯಬೇಕು. ಚಿತ್ರದುರ್ಗದ ಸೀಮೆ ಮೊದಲು ಪ್ಯಾರಿಸ್ ವಿದೇಶ ಮಿಷನ್ ಸಂಸ್ಥೆಯ ಗುರುಗಳು ನಡೆಸುತ್ತಿದ್ದ ಮೈಸೂರು ಮಿಷನ್ನಿನಲ್ಲಿತ್ತು. ಅದು 1886ರಲ್ಲಿ ಮೈಸೂರು ಧರ್ಮಕ್ಷೇತ್ರವಾಯಿತು. 1940ರಲ್ಲಿ ಬೆಂಗಳೂರು ಧರ್ಮಕ್ಷೇತ್ರ ಬೇರ್ಪಟ್ಟಾಗ ಈ ಸೀಮೆ ಅದಕ್ಕೆ ಸೇರಿತು. 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ ಸ್ಥಾಪನೆಯಾದಾಗ ಅದರ ಪಾಲಾಯಿತು. ಒಂದೇ ಮನೆಯ ಮೂರು ತಲೆಮಾರಿನವರು ಊರು ಬಿಡದೆಯೇ ಮೂವರು ಧರ್ಮಾಧ್ಯಕ್ಷರ ಆಡಳಿತಕ್ಕೆ ಸೇರಿರಬಹುದು. ಸ್ಥಳೀಯ ದಫ್ತರ ದೊರಕದಿದ್ದಲ್ಲಿ ಈ ಹಾದಿಯಲ್ಲಿಯೇ ವಿಚಾರಿಸಬೇಕು.

ದಫ್ತರ ದೊರೆತ ಮೇಲೂ ಹೆಸರಿನ ತೊಡಕು ಕಾದಿರುತ್ತದೆ. ಮನೆಯಲ್ಲಿ ರಾಯಪ್ಪನೆಂದು ಕರೆಯಲ್ಪಟ್ಟವನು ಲ್ಯಾಟಿನ್ ದಾಖಲೆಯಲ್ಲಿ ಪೇತ್ರುಸ್, ಚಿನ್ನಪ್ಪನು ಪೌಲುಸ್, ಅರುಳಪ್ಪನು ಯೊವಾನ್ನೆಸ್, ಇನ್ನಾಸಪ್ಪನು ಇಗ್ನಾತಿಯುಸ್, ಚೌರಪ್ಪನು ಕ್ಸಾವೇರಿಯುಸ್. ರಾಯಪ್ಪನನ್ನೇ ಹುಡುಕುತ್ತ ಹೋದವರು ಪೇತ್ರುಸನನ್ನು ದಾಟಿ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಲ್ಯಾಟಿನ್ ಲಿಪಿಯಲ್ಲಿ ಲ ಕಾರಕ್ಕೂ ಳ ಕಾರಕ್ಕೂ ಭೇದವಿಲ್ಲ. ಫ್ರೆಂಚ್ ಗುರುಗಳು ಚ ಕಾರವನ್ನು ಟಿ ಅಕ್ಷರದಿಂದ ಆರಂಭಿಸಿ ಬರೆಯುವುದುಂಟು. ಆದುದರಿಂದ ಊರಿನ ಹೆಸರನ್ನು ಕಣ್ಣಿನಿಂದ ಮಾತ್ರವಲ್ಲ, ಬಾಯಿಬಿಟ್ಟು ಓದಿ ಕಿವಿಯಿಂದಲೂ ಗುರುತಿಸಬೇಕು. ನಮ್ಮಲ್ಲಿ ಅನೇಕ ಕುಟುಂಬಗಳಿಗೆ ಮನೆತನದ ಹೆಸರಿಲ್ಲ. ಒಂದೇ ವರ್ಷದಲ್ಲಿ ನಾಲ್ವರು ಪೇತ್ರುಸರು ಸಿಗಬಹುದು. ಆಗ ತಾಯಿಯ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳು ದಾರಿದೀಪಗಳಾಗುತ್ತವೆ, ಏಕೆಂದರೆ ಅವರು ಹೆಚ್ಚಾಗಿ ಬಂಧುಗಳೇ ಆಗಿರುತ್ತಾರೆ.

ಲ್ಯಾಟಿನ್ ಎಂದು ಹಿಂಜರಿಯಬೇಕಾಗಿಲ್ಲ. ವಾಕ್ಯಗಳ ಅಚ್ಚು ಬಹುಮಟ್ಟಿಗೆ ಒಂದೇ. ಬಾಪ್ತಿಜಾವಿ ಎಂದರೆ ಜ್ಞಾನಸ್ನಾನವಿತ್ತೆನು. ಫಿಲಿಯುಸ್ ಎಂದರೆ ಮಗ, ಫಿಲಿಯಾ ಎಂದರೆ ಮಗಳು. ಪಾತ್ರಿನುಸ್ ಎಂದರೆ ಜ್ಞಾನತಂದೆ. ಸೆಪುಲ್ತುಸ್ ಎಂದರೆ ಸಮಾಧಿ ಮಾಡಲ್ಪಟ್ಟವನು. ತಿಂಗಳ ಸ್ಥಾನದಲ್ಲಿ 7ರ ಅಂಕೆಯೊಡನೆ ಬ್ರಿಸ್ ಎಂಬ ತುದಿಯಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್; ಲ್ಯಾಟಿನ್ನಿನಲ್ಲಿ ಸೆಪ್ಟೆಮ್ ಎಂದರೆ ಏಳು. ಪುಟದ ಅಂಚನ್ನು ಮರೆಯಲಾಗದು. 1907ರಲ್ಲಿ ಹೊರಟು 1908ರ ಪಾಸ್ಕ ಹಬ್ಬದಿಂದ ಜಾರಿಗೆ ಬಂದ ‘ನೆ ತೆಮೆರೆ’ ಆಜ್ಞೆಯ ಪ್ರಕಾರ, ವಿವಾಹವನ್ನು ಜ್ಞಾನಸ್ನಾನದ ದಾಖಲೆಯ ಬದಿಯಲ್ಲೂ ಗುರುತಿಸಬೇಕು. ಮದುವೆಯಾಗಿ ಬೇರೂರಿಗೆ ಹೋದ ಹೆಣ್ಣುಮಗಳ ಜಾಡು ಅನೇಕ ವೇಳೆ ಈ ಅಂಚಿನ ಒಂದೇ ಸಾಲಿನಲ್ಲಿ ದೊರೆಯುತ್ತದೆ.

ಕೆಲವು ಜಾಡುಗಳು ಹಠಾತ್ತನೆ ನಿಂತುಬಿಡುತ್ತವೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆಯ ಬಯಲುನಾಡು ತತ್ತರಿಸಿತು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. ದಿಕ್ಕಿಲ್ಲದ ಮಕ್ಕಳನ್ನು ಮಿಷನ್ ಅನಾಥಾಲಯಗಳು ಸಾಕಿದವು. ಅಂಥ ಮಗುವಿನ ದಾಖಲೆಯಲ್ಲಿ ತಂದೆತಾಯಿಯರ ಸ್ಥಾನ ಬರಿದಾಗಿದ್ದರೆ, ಅದು ಬರೆದವರ ಅಲಕ್ಷ್ಯವೆಂದೇ ತಿಳಿಯಬಾರದು, ಹೇಳುವವರೇ ಉಳಿದಿರಲಿಲ್ಲವೇನೋ. ಆ ಬರಿದಾದ ಸ್ಥಾನವೂ ನಮ್ಮ ಇತಿಹಾಸವೇ. ಅಲ್ಲಿ ಕಲ್ಪಿತ ವಂಶವೃಕ್ಷವನ್ನು ನೆಡುವುದು ಪೂರ್ವಜರಿಗೆ ಸಲ್ಲಿಸುವ ಗೌರವವಲ್ಲ.

ನಮ್ಮ ನಡುವೆ ಕರಾವಳಿಯಿಂದ ಬಂದ ಕುಟುಂಬಗಳೂ ಉಂಟು. ಅವರ ಹಾದಿಯಲ್ಲಿ ಮತ್ತೊಂದು ಕಂದರವಿದೆ: 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸ. ಆಗ ಕರಾವಳಿಯ ದೇವಾಲಯಗಳು ನಾಶವಾದವು. ಹೀಗಿದ್ದೂ ಮಂಗಳೂರಿನ ಡಾ. ಮೈಕಲ್ ಲೋಬೊ ಅವರು 1990ರ ದಶಕದಿಂದ ಶ್ರಮಿಸಿ ಅಲ್ಲಿನ ಕಥೋಲಿಕ ಕುಟುಂಬಗಳ ಬೃಹತ್ ವಂಶಾವಳಿ ಕೋಶವನ್ನು ರೂಪಿಸಿದ್ದಾರೆ. ತಾಳ್ಮೆಯಿಂದ ಎಷ್ಟು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಹುಡುಕುವವರು ತಮ್ಮ ತಂದೆತಾಯಿಯರ ದಾಖಲೆಯಿಂದ ಆರಂಭಿಸಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಮನೆಯ ಹಿರಿಯರ ನೆನಪನ್ನು ಇಂದೇ ಬರೆದುಕೊಳ್ಳಬೇಕು. ವಿಚಾರಣೆ ಗುರುಗಳ ಅಪ್ಪಣೆಯಿಂದ, ಅವರ ಸಮ್ಮುಖದಲ್ಲಿಯೇ ಪುಟ ತಿರುವಬೇಕು. ಪರರ ಮನೆಯ ನೋವೋ ಗುಟ್ಟೋ ಕಣ್ಣಿಗೆ ಬಿದ್ದರೆ ಅಲ್ಲಿಯೇ ಬಿಟ್ಟು ಬರಬೇಕು. ಹಳೆಯ ಪುಸ್ತಕಗಳನ್ನು ಎಚ್ಚರದಿಂದ ಕಾಪಾಡಬೇಕೆಂದು 1983ರ ಧರ್ಮಸಭಾ ಕಾನೂನಿನ 535ನೆಯ ವಿಧಿ ಹೇಳುತ್ತದೆ. ಆದರೆ ಗೆದ್ದಲಿಗೂ ತೇವಕ್ಕೂ ಕಾನೂನು ತಿಳಿಯದು. ಶತಮಾನೋತ್ಸವಕ್ಕೆಂದು ಸಂಗ್ರಹಿಸಿದ ಹಣದ ಒಂದಂಶವನ್ನು ಹಳೆಯ ದಫ್ತರಗಳ ಹೊಲಿಗೆಗೂ ಭದ್ರವಾದ ಪೆಟ್ಟಿಗೆಗೂ ಪ್ರತಿ ತೆಗೆಯುವುದಕ್ಕೂ ವಿನಿಯೋಗಿಸುವುದು ಯೋಗ್ಯ. ಗೋಪುರ ಬಿದ್ದರೆ ಮರಳಿ ಕಟ್ಟಬಹುದು; ಗೆದ್ದಲು ತಿಂದ ಹೆಸರನ್ನು ಮರಳಿ ಬರೆಯುವವರಿಲ್ಲ.