ಹಂಚಿನ ಕಾರ್ಖಾನೆಯಲ್ಲಿ ವೇದವಾಕ್ಯ: ಬಾಸೆಲ್ ಮಿಶನ್ ಉದ್ಯಮಗಳ ನೌಕರನೀತಿ

ಕ್ರೈಸ್ತ ನೌಕರ ಕೆಲಸದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಬೋಧಿಸುವವರು ಸಾಮಾನ್ಯವಾಗಿ ಎಫೆಸ ಮತ್ತು ಕೊಲೊಸ್ಸೆ ಊರುಗಳ ಕ್ರೈಸ್ತ ಸಭೆಗಳಿಗೆ ಬರೆದ ಬೈಬಲಿನ ಪತ್ರಿಕೆಗಳನ್ನು ಆಧಾರವಾಗಿ ಹಿಡಿಯುತ್ತಾರೆ. ಯಜಮಾನ ನೋಡುತ್ತಿರುವಾಗ ಮಾತ್ರ ದುಡಿಯುವುದು ಸಲ್ಲ, ಮಾಡುವ ಕೆಲಸ ದೇವರಿಗೇ ಸಲ್ಲುತ್ತದೆಂದು ಮನಸ್ಸಿಟ್ಟು ಮಾಡಬೇಕು ಎಂಬುದು ಅಲ್ಲಿನ ಬುದ್ಧಿವಾದ. ಅದನ್ನು ಹೇಳಿದ್ದು ಸಂಬಳದ ನೌಕರರಿಗಲ್ಲ, ರೋಮನ್ ಸಾಮ್ರಾಜ್ಯದ ಗುಲಾಮರಿಗೆ. ಅದರ ಬೆನ್ನಿಗೇ ಯಜಮಾನರಿಗೂ ತಾಕೀತು ಇದೆ: ಬೆದರಿಸಬಾರದು, ನ್ಯಾಯವಾದುದನ್ನು ಕೊಡಬೇಕು, ಅವರ ಮೇಲೂ ಒಬ್ಬ ಯಜಮಾನನಿದ್ದಾನೆ. ಕೂಲಿಯಾಳಿನ ಕೂಲಿ ಹಿಡಿದಿಟ್ಟವರನ್ನು ಯಾಕೋಬನ ಪತ್ರಿಕೆ ಇನ್ನೂ ಕಟುವಾಗಿ ಬಯ್ಯುತ್ತದೆ. ಎರಡು ಬದಿಯ ಈ ನೀತಿ ಕಾರ್ಖಾನೆಯೊಳಗೆ ಬಂದಾಗ ಏನಾಯಿತೆಂದು ನೋಡಲು ಮಂಗಳೂರಿಗಿಂತ ಒಳ್ಳೆಯ ಜಾಗ ನಮ್ಮಲ್ಲಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಕಾರ್ಖಾನೆ ಕಟ್ಟುವ ಯೋಚನೆ ಅವರಿಗಿರಲಿಲ್ಲ. ದೀಕ್ಷೆ ಪಡೆದವರ ಪಾಡು ಅವರನ್ನು ಆ ದಾರಿಗೆ ಎಳೆಯಿತು. ತುಳುನಾಡಿನಲ್ಲಿ ಮತಾಂತರಗೊಂಡವರಲ್ಲಿ ಬಿಲ್ಲವರು ಬಹಳ. ಕುಡಿತವನ್ನು ಪಾಪವೆಂದು ಕಂಡ ಪಾದ್ರಿಗಳಿಗೆ ಅವರ ಮೂರ್ತೆಯ, ಅಂದರೆ ಶೇಂದಿ ಇಳಿಸುವ, ಕಸುಬು ಒಪ್ಪಿಗೆಯಾಗಲಿಲ್ಲ. ಜಾತಿಯಿಂದ ಹೊರಬಿದ್ದವರಿಗೆ ಗೇಣಿ ಭೂಮಿಯ ಆಸರೆಯೂ ಭದ್ರವಾಗಿ ಉಳಿಯಲಿಲ್ಲ. ಹೊಸ ಧರ್ಮ ಕೊಟ್ಟವರೇ ಹೊಸ ಹೊಟ್ಟೆಪಾಡನ್ನೂ ಕೊಡಬೇಕಾಯಿತು. 1841ರಲ್ಲಿ ಮುದ್ರಣಾಲಯ, 1850ರ ದಶಕದಲ್ಲಿ ನೇಯ್ಗೆ, 1865ರಲ್ಲಿ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ಹೀಗೆ ಹುಟ್ಟಿಕೊಂಡವು. ನೇತ್ರಾವತಿ ದಡದ ಆವೆಮಣ್ಣಿನಿಂದ ಮಾಡಿದ ಆ ಹಂಚುಗಳ ಮೇಲಿನ 1865ರ ಅಚ್ಚನ್ನು ಕರಾವಳಿಯ ಹಳೆಯ ಮಾಡುಗಳಲ್ಲಿ ಇಂದೂ ಓದಬಹುದು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಿಗೂ ಉದ್ಯಮ ಹಬ್ಬಿತು.

ಈ ಕಾರ್ಖಾನೆಗಳಲ್ಲಿ ಒಳ್ಳೆಯ ನಡತೆ ಎಂದರೆ ಹೊತ್ತಿಗೆ ಸರಿಯಾಗಿ ಬರುವುದು, ಕುಡಿಯದಿರುವುದು, ಸಾಲ ಮಾಡದಿರುವುದು, ಮೇಲಿನವರ ಮಾತಿಗೆ ತಲೆಬಾಗುವುದು. ಕೆಲಸಕ್ಕೆ ಮೊದಲು ಪ್ರಾರ್ಥನೆ. ಇವೆಲ್ಲ ಜರ್ಮನಿಯ ವುರ್ಟೆಂಬರ್ಗ್ ಸೀಮೆಯಲ್ಲಿ ಪಯಟಿಸಂ ಎಂಬ ಪ್ರಾಟೆಸ್ಟೆಂಟ್ ಪಂಥದ ಭಕ್ತರ ಊರುಗಳಿಂದ ಬಂದ ರೂಢಿಗಳು. ಪಾದ್ರಿಗಳಲ್ಲಿ ಹಲವರು ಬೆಳೆದದ್ದೇ ಅಂಥ ಮನೆಗಳಲ್ಲಿ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904-05ರಲ್ಲಿ ಪ್ರಕಟಿಸಿದ ಪ್ರಾಟೆಸ್ಟೆಂಟ್ ನೀತಿಯ ಪ್ರಬಂಧದಲ್ಲಿ ಈ ಪಂಥದ ಬಗ್ಗೆ ಒಂದು ಸೂಕ್ಷ್ಮ ಮಾತಿದೆ. ಕ್ಯಾಲ್ವಿನ್ ಪಂಥ ಗಟ್ಟಿ ವ್ಯಾಪಾರೋದ್ಯಮಿಯನ್ನು ರೂಪಿಸಿದರೆ, ಪಯಟಿಸಂ ಪೋಷಿಸಿದ್ದು ನಿಷ್ಠಾವಂತ ಗುಮಾಸ್ತ ಮತ್ತು ಕೆಲಸಗಾರನ ಗುಣಗಳನ್ನು; ಇನ್ನೊಂದು ಬದಿಯಲ್ಲಿ, ಕರುಣೆ ತೋರುವ ಮನೆಯಜಮಾನನಂಥ ಧಣಿಯನ್ನು. ವೇಬರ್ ಮಂಗಳೂರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿರಲಿಕ್ಕಿಲ್ಲ. ಆದರೂ ಜೆಪ್ಪುವಿನ ಕಾರ್ಖಾನೆಗೆ ಇದಕ್ಕಿಂತ ಹೊಂದುವ ವಿವರಣೆ ನನಗೆ ಸಿಕ್ಕಿಲ್ಲ. ಪ್ರಾಟೆಸ್ಟೆಂಟ್ ನೀತಿ ಇಲ್ಲಿ ದೇಶೀ ಬಂಡವಾಳಗಾರರನ್ನು ಹುಟ್ಟಿಸಿತೇ ಎಂದು ಹುಡುಕುವ ಅಧ್ಯಯನಗಳು ತಪ್ಪು ಪ್ರಶ್ನೆ ಕೇಳುತ್ತವೆ. ಆ ಪಾದ್ರಿಗಳು ತಂದ ನೀತಿ ಮೊದಲಿನಿಂದಲೂ ನೌಕರನ ನೀತಿಯೇ.

ಧಣಿಯ ಬದಿಯನ್ನು ಮಿಶನ್ ಮರೆತಿತ್ತೆಂದು ಹೇಳಿದರೆ ಅನ್ಯಾಯವಾದೀತು. 1881ರ ಕಾರ್ಖಾನೆ ಕಾಯಿದೆ ಮಕ್ಕಳ ದುಡಿಮೆಗಷ್ಟೇ ಮಿತಿ ಹಾಕಿತು. ವಾರದ ರಜೆ ಕಾನೂನಿನಲ್ಲಿ ಬಂದದ್ದು 1891ರಲ್ಲಿ. ಭಾನುವಾರವನ್ನು ಕರ್ತನ ದಿನವೆಂದು ಪಾಲಿಸುತ್ತಿದ್ದ ಮಿಶನ್ ಕಾರ್ಖಾನೆಗಳಲ್ಲಿ ಆ ಬಿಡುವು ಅದಕ್ಕೂ ಮೊದಲೇ ಇತ್ತು. ಕಾಯಿಲೆ ಬಿದ್ದವರಿಗೆ ನೆರವು, ಉಳಿತಾಯದ ಏರ್ಪಾಡು ಇದ್ದವು. ಲಾಭ ಹೋಗುತ್ತಿದ್ದದ್ದೂ ಬಹುಮಟ್ಟಿಗೆ ಮಿಶನ್ನಿನ ಸೇವಾಕಾರ್ಯಕ್ಕೆ. ಅದೇ ಕಾಲದ ಇತರ ಮಾಲೀಕರ ಜೊತೆ ಹೋಲಿಸಿದರೆ ಇದು ಸಣ್ಣ ಸಂಗತಿಯಲ್ಲ.

ತೊಡಕಿರುವುದು ಬೇರೆ ಕಡೆ. ಸಂಬಳ ಕೊಡುವ ಸಂಸ್ಥೆಯೇ ಸಭೆಯ ಶಿಸ್ತನ್ನೂ ನಡೆಸುತ್ತಿತ್ತು. ನೌಕರ ತಪ್ಪಿದರೆ ಅದು ಕಾರ್ಖಾನೆಯ ತಪ್ಪೂ ಹೌದು, ದೇವರೆದುರಿನ ತಪ್ಪೂ ಹೌದು. ಧಣಿ ತಪ್ಪಿದರೆ ಕೇಳುವವರು ಯಾರು? ಕೂಲಿ ಸಾಲದೆಂದವನ ಮಾತು ಅತೃಪ್ತಿಯೆಂಬ ಪಾಪವಾಗಿ ಕಾಣುವ ಅಪಾಯ ಈ ವ್ಯವಸ್ಥೆಯ ಬುಡದಲ್ಲೇ ಇತ್ತು. ಎಫೆಸ, ಕೊಲೊಸ್ಸೆ ಪತ್ರಿಕೆಗಳ ಬುದ್ಧಿವಾದದಲ್ಲಿ ದುಡಿಯುವವನಿಗೆ ಹೇಳಿದ ಮೊದಲ ಅರ್ಧ ನಿಯಮವಾಯಿತು, ಯಜಮಾನನಿಗೆ ಹೇಳಿದ ಎರಡನೆಯ ಅರ್ಧ ಉಪಕಾರವಾಗಿ ಉಳಿಯಿತು. ನಿಯಮ ಮುರಿದರೆ ಶಿಕ್ಷೆಯುಂಟು. ಉಪಕಾರವನ್ನು ಹಕ್ಕಿನಿಂದ ಕೇಳಲಾಗದು. ಕ್ರೈಸ್ತರಲ್ಲದ ಕೆಲಸಗಾರರೂ ಅಲ್ಲಿದ್ದರು. ಸಭೆಯ ಬಂಧನ ಅವರಿಗಿರಲಿಲ್ಲ, ಅಷ್ಟರಮಟ್ಟಿಗೆ ಅವರೇ ಹೆಚ್ಚು ಸ್ವತಂತ್ರರು ಎನ್ನಬೇಕು.

ಸಭೆಗೂ ಸಂಬಳಕ್ಕೂ ಇದ್ದ ಈ ನಂಟನ್ನು ಮೊದಲ ಮಹಾಯುದ್ಧ ಕಡಿಯಿತು. ಜರ್ಮನ್ ಪಾದ್ರಿಗಳ ಮಿಶನ್ ಎಂಬ ಕಾರಣಕ್ಕೆ ಬ್ರಿಟಿಷ್ ಸರಕಾರ ಅದರ ಉದ್ಯಮಗಳನ್ನು ವಶಪಡಿಸಿಕೊಂಡಿತು. ಯುದ್ಧದ ನಂತರ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಪಾದ್ರಿ ಬೇರೆ, ಧಣಿ ಬೇರೆ ಆದರು.

ಜಯಪ್ರಕಾಶ್ ರಾಘವಯ್ಯ ಮತ್ತು ರುಡಾಲ್ಫ್ ಫಿಷರ್ ಈ ಉದ್ಯಮಗಳ ಚರಿತ್ರೆ ಬರೆದಿದ್ದಾರೆ. ಅದರ ಆಕರಗಳಲ್ಲಿ ಬಹುಪಾಲು ಪಾದ್ರಿಗಳು ಬಾಸೆಲ್ಲಿಗೆ ಕಳಿಸಿದ ವರದಿಗಳು, ಅಂದರೆ ಧಣಿಯ ಬದಿಯ ಬರಹ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಶನ್ನಿನ ಕಾಗದಪತ್ರಗಳಿವೆ. ಹಂಚಿನ ಕಾರ್ಖಾನೆಗಳಲ್ಲಿ ದುಡಿದ ಕುಟುಂಬಗಳ ಮೊಮ್ಮಕ್ಕಳು ಇನ್ನೂ ಕರಾವಳಿಯಲ್ಲಿದ್ದಾರೆ. ತುಳು ಬಲ್ಲ ಯುವ ಸಂಶೋಧಕರು ಆ ಮನೆಗಳಿಗೆ ಹೋಗಿ ಕೇಳಬೇಕು, ಕೇಳಿದ್ದನ್ನು ಬಲ್ಮಠದ ಕಾಗದಗಳ ಪಕ್ಕದಲ್ಲಿಟ್ಟು ಓದಬೇಕು.