ಎಂಗಳ ಜಾಲಿನ ಜೀಪಿನ ಚರಿತ್ರೆ

ಅಕ್ಕಂದ್ರೇ, ಅತ್ತಿಗೆಯಕ್ಕಳೇ, ಕಳುದ ವಾರ ಎಂಗಳ ಜೀಪಿನ ಆರ್.ಸಿ. ಪುನಃ ಐದು ವರ್ಷಕ್ಕೆ ಹೊಸತ್ತು ಮಾಡ್ಸಿಗೊಂಡು ಬಂದೆಯೊ. 1989ರ ಗಾಡಿ ಅದು. ಸುರುವಿಂಗೆ 15 ವರ್ಷ, ಮತ್ತೆ ಐದೈದು ವರ್ಷಕ್ಕೊಂದರಿ ತೋರ್ಸಿ ಹೊಸತ್ತು ಮಾಡೆಕು. ಈ 2024ರದ್ದು ಐದನೆ ಸರ್ತಿ. ಸುದ್ದಿ ಕೇಳಿ ಬೆಂಗ್ಳೂರಿಂದ ಮಗ ಫೋನು ಮಾಡಿದ. "ಅಬ್ಬೇ, ಆ ಹಳೆ ಕಬ್ಬಿಣಕ್ಕೆ ನಿಂಗೊ ಇನ್ನೂ ಎಷ್ಟು ಪೈಸೆ ಸೊರಿತ್ತಿ? ಈಗ ಮನೆ ವರೆಗೂ ಕಾಂಕ್ರೀಟು ಮಾರ್ಗ ಇದ್ದನ್ನೆ. ಮಾರಿಕ್ಕಿ" ಹೇಳಿದ. ಆಚಮನೆ ಅಕ್ಕನೂ ಅದನ್ನೇ ಕೇಳಿತ್ತು. ಇಬ್ರಿಂಗೂ ಅಂಬಗಳೇ ಉತ್ತರ ಕೊಡ್ಲೆ ಎನಗೆ ಎಡಿಗಾಯಿದಿಲ್ಲೆ. ಹಾಂಗಾಗಿ ಕೂದು ಬರೆತ್ತಾ ಇದ್ದೆ.

ಜೀಪು ಹುಟ್ಟಿದ್ದು ಕೃಷಿಗೆ ಅಲ್ಲ, ಯುದ್ಧಕ್ಕೆ. 1940ರಲ್ಲಿ ಅಮೇರಿಕದ ಸೈನ್ಯಕ್ಕೆ ಮಾರ್ಗ ಇಲ್ಲದ್ದಲ್ಲಿಯೂ ಹೋಪ ಒಂದು ಸಣ್ಣ, ಹಗೂರದ ಗಾಡಿ ಬೇಕಾತು. ಬಾಂಟಮ್ ಹೇಳ್ತ ಒಂದು ಸಣ್ಣ ಕಂಪೆನಿ ಬರೀ 49 ದಿನದ ವಾಯಿದೆಲಿ ಮದಲಾಣ ಮಾದರಿ ಮಾಡಿ ಕೊಟ್ಟತ್ತು. ಆದರೆ ಸೈನ್ಯಕ್ಕೆ ಬೇಕಾದಷ್ಟು ಗಾಡಿ ಮಾಡ್ಲೆ ಅದಕ್ಕೆ ಎಡಿಯ ಹೇಳಿ, ದೊಡ್ಡ ಕೆಲಸ ವಿಲ್ಲಿಸ್ ಮತ್ತೆ ಫೋರ್ಡ್ ಕಂಪೆನಿಗೊಕ್ಕೆ ಹೋತು. ಯುದ್ಧ ಮುಗಿವಗ ಆರು ಲಕ್ಷಂದ ಹೆಚ್ಚು ಜೀಪು ಆಗಿತ್ತಿದ್ದು. 1945ರಲ್ಲಿ ವಿಲ್ಲಿಸಿನವು ಅದನ್ನೇ ರಜ್ಜ ಬದಲ್ಸಿ, ಹಿಂದೆ ಬಾಗಿಲು ಮಡುಗಿ, ಕೃಷಿಕರಿಂಗೆ ಮಾರ್ಲೆ ಸುರು ಮಾಡಿದವು.

ಅದೇ 1945ರಲ್ಲಿ ನಮ್ಮ ದೇಶಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಹೇಳಿ ಉಕ್ಕಿನ ವ್ಯಾಪಾರದ ಕಂಪೆನಿ ಒಂದು ಸುರುವಾತು. ಮಹೀಂದ್ರ ಅಣ್ಣತಮ್ಮಂದ್ರಿಂಗೆ ಗುಲಾಮ್ ಮೊಹಮ್ಮದ್ ಪಾಲುದಾರ. ದೇಶ ಪಾಲಪ್ಪಗ ಅವು ಪಾಕಿಸ್ತಾನಕ್ಕೆ ಹೋಗಿ ಅಲ್ಯಾಣ ಮದಲಾಣ ಹಣಕಾಸು ಮಂತ್ರಿ ಆದವು. 1948ರಲ್ಲಿ ಕಂಪೆನಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಹೇಳಿ ಆತು. ಆ ಸಮಯಲ್ಲೇ ಅವು ವಿಲ್ಲಿಸಿನ ಬಿಡಿಭಾಗ ತರ್ಸಿ ಬೊಂಬಾಯಿಲಿ ಜೀಪು ಜೋಡ್ಸುಲೆ ಸುರು ಮಾಡಿದ್ದು. ನಾವು ಸಣ್ಣಾಗಿಪ್ಪಗ ನೋಡಿದ ಎತ್ತರ ಬೋನೆಟ್ಟಿನ ಜೀಪು ನೆಂಪಿದ್ದಾ? ಅದು ಅಮೇರಿಕಲ್ಲಿ 1953ರಲ್ಲಿ ಬಂದ ಸಿಜೆ-3ಬಿ. ಹೊಸ ಎಂಜಿನು ಹಳೆ ಬೋನೆಟ್ಟಿನ ಅಡಿಲಿ ಹಿಡಿಯದ್ದಕ್ಕೆ ಬೋನೆಟ್ಟನ್ನೇ ಎತ್ತರ ಮಾಡಿದ್ದು. ಅಲ್ಲಿ ಅದು ನಿಂದ ಮತ್ತೆಯೂ ನಮ್ಮಲ್ಲಿ ವರ್ಷಗಟ್ಳೆ ಬಂದುಗೊಂಡಿತ್ತು. 1980ರ ದಶಕಲ್ಲಿ ಪ್ಯೂಜೋ ಡೀಸೆಲ್ ಎಂಜಿನಿನ ಎಂ.ಎಂ. 540 ಬಂತು. ಎಂಗಳದ್ದು ಅದೇ.

ಇಷ್ಟು ಪುಸ್ತಕಲ್ಲಿ ಸಿಕ್ಕುಗು. ಇನ್ನು ಎಂಗಳ ಮನೆದು ಹೇಳ್ತೆ.

ಎಂಗಳ ಮನೆ ಸುಳ್ಯ ಹೊಡೆಲಿ, ಡಾಮಾರು ಮಾರ್ಗಂದ ಮೂರು ಕಿಲೋಮೀಟರು ಒಳ. ಅಂಬಗ ಒಂದೇ ತೋಡಿನ ಎರಡು ಸರ್ತಿ ದಾಂಟೆಕು. ಮಳೆಗಾಲಲ್ಲಿ ಸೌಖ್ಯ ಇಲ್ಲದ್ದವರ ಕುರ್ಶಿಲಿ ಕೂರ್ಸಿ, ಬೆದುರು ಕಟ್ಟಿ, ನಾಲ್ಕು ಜೆನ ಹೊತ್ತುಗೊಂಡು ಹೋಪದು. 1968ರ ಆಟಿಲಿ ಎನ್ನ ಅತ್ತೆಗೆ ಬೇನೆ ಸುರುವಪ್ಪಗ ತೋಡಿಲಿ ಬೊಳ್ಳ. ದಾಂಟ್ಲೆ ಎಡಿಗಾಯಿದಿಲ್ಲೆ. ಆ ಮಾಣಿ ಒಳುದ್ದಿಲ್ಲೆ. ಅತ್ತೆ ಇದರ ಎನ್ನತ್ರೆ ಹೇಳಿದ್ದು ಒಂದೇ ಸರ್ತಿ, ಜೀಪು ಜಾಲಿಂಗೆ ಬಂದ ದಿನ.

ಅದು 1994. ಘಟ್ಟದ ಮೇಲಾಣ ಒಂದು ಎಸ್ಟೇಟಿಲ್ಲಿ ಐದು ವರ್ಷ ಓಡಿದ ಗಾಡಿ. ಅಡಕ್ಕೆ ಪೈಸೆ ಸಾಕಾಯಿದಿಲ್ಲೆ, ಎನ್ನ ಎರಡು ಬಳೆ ಅಡವು ಮಡುಗಿದೆಯೊ. ಬಿಡುಸುಲೆ ಮೂರು ವರ್ಷ ಬೇಕಾತು. ಮರುವರ್ಷ ಆಟಿಲಿ, ಇರುಳು, ಎನಗೆ ಬೇನೆ ಸುರುವಾತು. ತೋಡಿಲಿ ಮೊಳಪ್ಪು ನೀರು. ಯೆಜಮಾನ್ರು ಇಳುದು ಎದುರಾಣ ಎರಡು ಚಕ್ರದ ಹಬ್ಬು ತಿರುಗ್ಸಿ ಲಾಕು ಮಾಡಿದವು, ಮತ್ತೆ ಸಣ್ಣ ಗೇರಿನ ಕೋಲು ಎಳದವು. ಆ ಲೋ ಗೇರಿಲ್ಲಿ ವೇಗ ಅರ್ಧಂದಲೂ ಕಮ್ಮಿ, ಬಲ ಅಷ್ಟೇ ಹೆಚ್ಚು. ನಾಲ್ಕು ಚಕ್ರವೂ ಎಳೆತ್ತು. ನೆಡವಷ್ಟು ಮೆಲ್ಲಂಗೆ ತೋಡು ದಾಂಟಿತ್ತು. ಉದಿಯಪ್ಪಗ ಸುಳ್ಯಲ್ಲಿ ಮಗಳು ಹುಟ್ಟಿತ್ತು. ಅತ್ತೆ ಕೂಸಿನ ಎತ್ತಿ ಹಿಡ್ಕೊಂಡು ತುಂಬ ಹೊತ್ತು ಮಾತಾಡಿದ್ದವೇ ಇಲ್ಲೆ.

ಮತ್ತೆ ಎಂಗೊ ಒಂದು ತಪ್ಪು ಮಾಡಿದೆಯೊ. ಮಾರ್ಗ ರಜ್ಜ ಸರಿ ಆತು, ಎದುರಾಣ ಚಕ್ರದ ಉಪಯೋಗ ಕಮ್ಮಿ ಆತು, ಹಬ್ಬಿಂಗೆ ಗ್ರೀಸು ಆರೂ ಹಾಕಿದ್ದಿಲ್ಲೆ. 2007ರ ಮಳೆಗಾಲಲ್ಲಿ ಒಂದಿರುಳು ಅತ್ತೆಗೆ ಪಕ್ಷವಾತ ಬಡುದತ್ತು. ತೋಡಿನ ಹತ್ತರೆ ಹಬ್ಬು ತಿರುಗುತ್ತಿಲ್ಲೆ, ತುಕ್ಕು ಹಿಡುದು ಕಚ್ಚಿದ್ದು. ಹಿಂದಾಣ ಚಕ್ರ ಎರಡೂ ಕೆಸರಿಲ್ಲಿ ಬರೀ ತಿರುಗಿತ್ತು. ನೆರೆಕರೆಯವು ಬಳ್ಳಿ ಹಿಡ್ಕೊಂಡು ಬಂದು ಎಳವಗ ಒಂದು ಗಂಟೆ ಹೋಗಿತ್ತು. ಅತ್ತೆ ಒಳುದವು, ಆದರೆ ಬಲದ ಕೈ ಮತ್ತೆ ಎದ್ದಿದಿಲ್ಲೆ. "ರಜ್ಜ ಬೇಗ ಬತ್ತಿದ್ದರೆ" ಹೇಳಿ ಡಾಕ್ಟ್ರು ಹೇಳಿದ್ದು ಎನ್ನ ಕೆಮಿಲಿ ಇನ್ನೂ ಇದ್ದು.

ಆ ವರ್ಷಂದ ಜೀಪಿನ ಪುಸ್ತಕ ಎನ್ನತ್ರೆ, ಹಾಲಿನ ಲೆಕ್ಕದ ಪುಸ್ತಕದ ಒಟ್ಟಿಂಗೆ. ಹಳೆ ಜೀಪು ಇಪ್ಪವಕ್ಕೆ ಉಪಕಾರ ಅಕ್ಕು ಹೇಳಿ ಬರೆತ್ತೆ. ಬೇಕಾಗದ್ದರೂ ತಿಂಗಳಿಂಗೊಂದರಿ ಹಬ್ಬು ಲಾಕು ಮಾಡಿ, ನಾಲ್ಕು ಚಕ್ರಲ್ಲಿ ರಜ್ಜ ದೂರ ಓಡ್ಸೆಕು. ಅದುದೇ ಮಣ್ಣಿಲ್ಲಿ ಮಾಂತ್ರ, ಒಣಗಿದ ಡಾಮಾರಿಲ್ಲಿ ಅಲ್ಲ. ತಿರುಗುವಗ ಎದುರಾಣ ಚಕ್ರ ಹಿಂದಾಣದ್ದರಿಂದ ಹೆಚ್ಚು ದೂರ ಹೋವುತ್ತು. ಮಣ್ಣಿಲ್ಲಾದರೆ ಚಕ್ರ ರಜ್ಜ ಜಾರಿ ಸರಿ ಮಾಡಿಗೊಳ್ತು, ಡಾಮಾರಿಲ್ಲಿ ಆ ಎಳೆತ ಪೂರ ಗೇರಿಂಗೆ ಬೀಳ್ತು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಂಗೆ, ಸ್ಪ್ರಿಂಗಿನ ಗೆಂಟಿಂಗೆ ಹಳೆ ಗ್ರೀಸು ಹೆರ ಬಪ್ಪ ವರೆಗೆ ಹೊಸತ್ತು ಹೊಡೆಶೆಕು. ನೀರು ದಾಂಟಿದ ಮತ್ತೆ ಆಕ್ಸಿಲಿನ ಎಣ್ಣೆ ನೋಡೆಕು. ಹಾಲು ಹಾಕಿದ ಕಾಪಿಯ ಹಾಂಗೆ ಬೆಳಿಯಾಗಿದ್ದರೆ ಒಳ ನೀರು ಹೋಯಿದು ಹೇಳಿ ಲೆಕ್ಕ, ಬದಲ್ಸದ್ದೆ ಬಿಡ್ಲಾಗ. ಉದಿಯಪ್ಪಗ ಸ್ಟಾರ್ಟು ಮಾಡುವ ಮದಲು ಹೀಟರು ಬೆಶಿ ಅಪ್ಪಲೆ ಬಿಡೆಕು, ಒಗ್ಗರಣೆಗೆ ಎಣ್ಣೆ ಕಾಯ್ತ ಹಾಂಗೆ.

ಮಗ ಹೇಳುದು ಪೈಸೆ ಲೆಕ್ಕಲ್ಲಿ ಸರಿಯೇ. ಸ್ಟಿಯರಿಂಗು ಭಾರ, ಸೊಂಟಬೇನೆ ಬತ್ತು, ಮಳೆ ಬಂದರೆ ಒಳವೂ ಮಳೆ. ಆದರೆ 2018ರ ಆಗಸ್ಟಿಲ್ಲಿ ಮದೆನಾಡು, ಜೋಡುಪಾಲಲ್ಲಿ ಗುಡ್ಡೆ ಜರುದು ಮಡಿಕೇರಿ ಮಾರ್ಗವೇ ಬಂದಾದ್ದರ ನಾವು ನೋಡಿದ್ದನ್ನೆ. ಆ ವಾರ ಸಂಪಾಜೆ ಹೊಡೆಂಗೆ ಅಕ್ಕಿ, ಹೊದಕ್ಕೆ ಹೊತ್ತದು ಇದೇ ಜೀಪು. ಕಾಂಕ್ರೀಟು ಮಾರ್ಗ ಇಪ್ಪದು ಗುಡ್ಡೆ ನಿಂದಷ್ಟು ದಿನ.

ಹಾಂಗಾಗಿ ಇನ್ನು ಐದು ವರ್ಷ ಮಡುಗುದು ಹೇಳಿ ಎನ್ನ ತೀರ್ಮಾನ. ಮತ್ತೆಯಾಣದ್ದು ಮಗಳಿಂಗೆ ಬಿಟ್ಟದು. ಕಳುದ ರಜೆಲಿ ಬಂದಿಪ್ಪಗ ಅದು ಹಬ್ಬು ಬಿಚ್ಚಿ ಗ್ರೀಸು ಹಾಕ್ಲೆ ಕಲ್ತತ್ತು.

ನಿಂಗಳ ಮನೆಗೆ ಜೀಪು ಏವಗ ಬಂತು, ಅದರಿಂದ ಮದಲು ಹೆರಿಗೆಗೆ ಹೇಂಗೆ ಹೋಯ್ಕೊಂಡಿತ್ತಿದ್ದವು ಹೇಳಿ ಮನೆಯ ಪ್ರಾಯದವರತ್ರೆ ಒಂದರಿ ಕೇಳಿ. ಅವು ಇಪ್ಪಗಳೇ ಕೇಳಿ, ಬರದು ಮಡುಗಿ.